ಗುಬ್ಬಿಹೆಜ್ಜಿ ದಡಿ ಹುಡುಕಿದವರು

ವೆಬ್‌ಸೈಟ್ ಮಾಡಿಸಿದವರೆಲ್ಲ ಜನ ತಾವಾಗಿಯೇ ಬರುತ್ತಾರೆ ಅಂದುಕೊಂಡಿರುತ್ತಾರೆ. ಬರುವುದಿಲ್ಲ. ಜನ ನೆಟ್‌ನಲ್ಲಿ ಏನಂತ ಬರೆದು ಹುಡುಕುತ್ತಾರೋ ಆ ಪದಗಳನ್ನು ಮೊದಲು ಹೆಕ್ಕಬೇಕು; ನನ್ನ ಕೆಲಸ ಅದೇ. ಇಳಕಲ್ಲಿನ ನೇಕಾರರೊಬ್ಬರ ಸೀರೆ ಅಂಗಡಿಗಾಗಿ ಅಂಥ ಪಟ್ಟಿ ತೆಗೆದು, ಅವರೆದುರು ಕೂತು ಓದುತ್ತಿದ್ದೆ.

"'ಗುಬ್ಬಿಹೆಜ್ಜಿ ದಡಿ ಸೀರಿಗೆ ಸೆರಗು.' ಇದನ್ನ ಪ್ರತಿ ತಿಂಗಳಾ ಯಾರೋ ಹುಡುಕ್ತಾರ್ರಿ," ಅಂದೆ.

ಅವರು ಚಹಾದ ಕಪ್ಪು ಕೆಳಗಿಟ್ಟರು. "ಸೀರಿ ಅಂಚಿನ ಆ ದಡಿಗೆ ಹೆಸರಿಟ್ಟಾಕಿ ನಮ್ಮವ್ವ. ಒಂದು ಸೀರಿ ಅಷ್ಟ ನೇಯ್ದಿದ್ಲು. ಸೆರಗು ನೇಯೂದು ಉಳಿದಿತ್ತು, ಅಷ್ಟ್ರಾಗ ತೀರಿಕೊಂಡ್ಲು. ಮಗ್ಗದಿಂದ ಕೊಯ್ದು, ಸೆರಗಿಲ್ಲದ ಆ ಸೀರಿನ ಉಡಿಸಿ ಮಣ್ಣು ಮಾಡಿದ್ವಿ. ನನ್ನ ಬಿಟ್ರ ಆ ಹೆಸರು ಯಾರಿಗೂ ಗೊತ್ತಿಲ್ರಿ."

"ನೀವೇನರ ಹುಡುಕಿದ್ರೇನ್ರಿ?"

"ನನಗೆಲ್ಲಿ ಟೈಪ್ ಮಾಡಾಕ ಬರತೈತ್ರಿ? ಯಾವ ಊರಿಂದ ಅಂತ ತೋರಸ್ತೈತೇನು ನೋಡ್ರಿ."

ತೋರಿಸಿತು. ಇಳಕಲ್.

ಮರುದಿನವೇ ಅವರು ಮಗ್ಗಕ್ಕೆ ಕೂತರು. ಬರೀ ಸೆರಗನ್ನೇ ನೇಯ್ದು, ಅವ್ವನ ಸಮಾಧಿಗೆ ಹೊದಿಸಿ ಬಂದರು. ಮುಂದಿನ ತಿಂಗಳ ಪಟ್ಟಿಯಲ್ಲಿ ಆ ಸಾಲಿನ ಮುಂದೆ ಸೊನ್ನೆ ಇತ್ತು.

ಹುಡುಕಾಟ ಸೊನ್ನೆಗಿಳಿದರೆ ನಾನು ಗಿರಾಕಿಗಳ ಫೋನ್ ಎತ್ತುವುದಿಲ್ಲ. ಆವತ್ತು ಮಾತ್ರ ನಾನೇ ಫೋನ್ ಮಾಡಿ ಹೇಳಿದೆ.