ಕನ್ನಡಕದಮ್ಮ ಮತ್ತು ಬೂದಿ ದೊರೆ

ನಲವತ್ತು ದಾಟಿದ ಮೇಲೆ ಮನುಷ್ಯನ ಕೈ ಉದ್ದವಾಗುತ್ತಾ ಹೋಗುತ್ತದೆ. ಪತ್ರಿಕೆಯನ್ನು ಎಷ್ಟು ದೂರ ಹಿಡಿದರೂ ಸಾಲದು. ಈ ಬರಹಗಾರನ ಕೈ ಇನ್ನು ಬೆಳೆಯಲಾರೆ ಎಂದು ಹಟ ಹಿಡಿದ ದಿನ ಅವನು ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಗೆ ಹೋದ. ಪರದೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಬಿಳಿ ಕೋಟಿನ ಹೆಂಗಸೊಬ್ಬಳು ಅವನ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಅದರೊಳಗೆ ಒಂದೊಂದೇ ಗಾಜು ಇಳಿಬಿಟ್ಟು, ಕೈಗೊಂದು ರಟ್ಟು ಕೊಟ್ಟು, "ಓದಿ" ಎಂದಳು. ರಟ್ಟಿನ ಮೇಲೆ ಅಕ್ಷರಗಳು ಸಾಲಿನಿಂದ ಸಾಲಿಗೆ ಸಣ್ಣಗಾಗುತ್ತ ಇಳಿದಿದ್ದವು.

'ಬೂದಿ ದೊರೆ ಬಾಗಿಲಲ್ಲಿ ನಿಂತಿದ್ದ. ದೋಣಿಯವಳು ತಿರುಗಿ ನೋಡಲಿಲ್ಲ. ನಿನ್ನನ್ನು ಶತ್ರುವಿಗೆ ಒಪ್ಪಿಸಿದವನು ನಾನೇ ಎಂದ. ಕೈಗವಸು ಕಳಚಿದ.' ಅದರ ಕೆಳಗಿನ ಸಾಲು ಇರುವೆಗಳ ಮೆರವಣಿಗೆಯಂತಿತ್ತು.

"ಕಾಣತ್ತಾ?"

"ಇಲ್ಲ."

ಗಾಜು ಬದಲಾಯಿತು. "ಈಗ?"

"ಅವಳು ಅವನ ಬರಿಗೈಯನ್ನು ಹಿಡಿದುಕೊಂಡಳು."

ಆಕೆ ನಿಟ್ಟುಸಿರು ಬಿಟ್ಟಳು. "ನೀವೇ ಹೇಳಿ ಸಾರ್, ಹಿಡ್ಕೋಬೇಕಿತ್ತಾ?"

ಬರಹಗಾರ ಇದನ್ನು ಹೊಸ ವಿಜ್ಞಾನವೆಂದು ನಂಬಿದ. ಕಣ್ಣಿನ ಜೊತೆಗೆ ಮನಸ್ಸನ್ನೂ ಪರೀಕ್ಷಿಸುವ ಕ್ರಮ ಬಂದಿರಬೇಕು, ಅದಕ್ಕೆ ತನ್ನಂಥವನೇ ಸಿಕ್ಕಿದ್ದು ಇವರ ಪುಣ್ಯ ಎಂದುಕೊಂಡು, ಗಂಟಲು ಸರಿಮಾಡಿಕೊಂಡು, ಪ್ರೀತಿ ನಂಬಿಕೆ ಕ್ಷಮೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿದ. ಆಕೆ ಪೂರ್ತಿ ಕೇಳಿ, ಚೀಟಿಯ ಮೇಲೆ 'ಒಂದೂ ಮುಕ್ಕಾಲು' ಎಂದು ಬರೆದುಕೊಟ್ಟಳು. ಅದು ಕನ್ನಡಕದ ಪವರು ಎಂದು ಮನೆಯಲ್ಲಿ ಹೆಂಡತಿ ಬಿಡಿಸಿ ಹೇಳುವ ತನಕ, ಅಷ್ಟು ಒಳ್ಳೆಯ ಭಾಷಣಕ್ಕೆ ಇಷ್ಟೇನಾ ಅಂಕ ಎಂದು ಅವನು ಕುದಿಯುತ್ತಲೇ ಇದ್ದ.

ಆ ಪ್ರಶ್ನೆಯನ್ನು ಆಕೆ ಆ ವರ್ಷ ಕುರ್ಚಿಯಲ್ಲಿ ಬಂದು ಕೂತ ಎಲ್ಲರಿಗೂ ಕೇಳುತ್ತಿದ್ದಳು ಎಂಬುದು ತಿಳಿದದ್ದು ಆಮೇಲೆ. ಉತ್ತರಗಳು ಮಾತ್ರ ಒಬ್ಬರಿಗಾಗಿ ಮನೆಗೆ ಹೋಗುತ್ತಿದ್ದವು. ಅವರು ಆಕೆಯ ಅತ್ತೆ.

ಬೀದಿಯವರೆಲ್ಲ ಆಕೆಯನ್ನು ಕನ್ನಡಕದಮ್ಮ ಎನ್ನುತ್ತಾರೆ. ಆ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಜನರ ಕಣ್ಣು ಅಳೆಯುತ್ತಿದ್ದಾಳೆ. 'ನನಗೆ ಕಣ್ಣು ಚೆನ್ನಾಗೇ ಇದೆ, ಅಕ್ಷರಾನೇ ಸರಿಯಾಗಿ ಅಚ್ಚಾಗಿಲ್ಲ' ಎನ್ನುವ ಮೇಷ್ಟರನ್ನೂ, ಚಂದದ ಫ್ರೇಮಿನ ಆಸೆಗೆ ಬೋರ್ಡು ಕಾಣಲ್ಲವೆಂದು ಸುಳ್ಳು ಹೇಳುವ ಹುಡುಗಿಯರನ್ನೂ ಕೂತ ಗಳಿಗೆಯಲ್ಲೇ ಹಿಡಿಯುತ್ತಾಳೆ. "ನನ್ನ ಕುರ್ಚಿ ಮೇಲೆ ಕೂತು ಯಾರೂ ಸುಳ್ಳು ಹೇಳಕ್ಕಾಗಲ್ಲ" ಎಂಬುದು ಆಕೆಯ ಒಂದೇ ಒಂದು ಜಂಬ. ಕಥೆ ಪುಸ್ತಕ ಓದಿದವಳಲ್ಲ. ಒಮ್ಮೆ ಯಾರೋ ಗಿರಾಕಿ ಹಳೆಯ ಕನ್ನಡಕ ಬಿಟ್ಟುಹೋಗುವಾಗ ದಪ್ಪನೆಯ ಪುಸ್ತಕವನ್ನೂ ಮರೆತು ಹೋದರು. ವಾರವಾದರೂ ಬರಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ನೊಣವೂ ಹಾರುವುದಿಲ್ಲ. ಆಕೆ ಮೊದಲ ಪುಟ ತೆರೆದಳು. ಮೂರನೆಯ ದಿನ ಒಬ್ಬರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಬರೆದುಕೊಟ್ಟಾಗ, ಅಂಗಡಿಯ ಯಜಮಾನರಿಗೂ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು.

ಆರು ಭಾಗಗಳ ಮಾಯಾಲೋಕದ ಪ್ರೇಮಕಥೆ ಅದು; ಗಿರಾಕಿ ಮರೆತದ್ದು ಮೊದಲನೆಯದು, ಮುಂದಿನವನ್ನು ಆಕೆ ಒಂದೊಂದಾಗಿ ಕೊಂಡು ತಂದಳು. ಬೂದಿ ದೊರೆ ಮುಟ್ಟಿದ್ದೆಲ್ಲ ಬೂದಿಯಾಗುತ್ತದೆ, ಅದಕ್ಕೇ ಸದಾ ಕೈಗವಸು. ಅವನಿಗೆ ದೋಣಿ ನಡೆಸುವ ಹುಡುಗಿಯ ಮೇಲೆ ಪ್ರೀತಿ. ಮೂರನೆಯ ಭಾಗದಲ್ಲಿ ಅವಳ ಜೀವ ಉಳಿಸಲೆಂದೇ, ಅವಳಿಗೆ ಒಂದು ಮಾತೂ ಹೇಳದೆ, ಅವಳನ್ನು ಶತ್ರುವಿನ ಸೆರೆಗೆ ಒಪ್ಪಿಸಿಬಿಡುತ್ತಾನೆ. ಅವನು ಒಳ್ಳೆಯವನೋ ಕೆಟ್ಟವನೋ? ಓದಿದವರ ಮನೆಗಳಲ್ಲಿ ನೆಮ್ಮದಿ ಹಾರಿಹೋಗಲು ಇಷ್ಟು ಸಾಕು.

ಕನ್ನಡಕದಮ್ಮನ ಮನೆಯಲ್ಲಿ ಮಾತ್ರ ಉಲ್ಟಾ ಆಯಿತು. ಮದುವೆಯಾಗಿ ಹತ್ತು ವರ್ಷ ಅತ್ತೆ ಸೊಸೆ ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ಪೋಸ್ಟ್ ಕಾರ್ಡ್ ತುಂಬುತ್ತಿರಲಿಲ್ಲ. "ನಲ್ಲೀಲಿ ನೀರು ನಿಂತಿದೆ." "ಹ್ಞೂಂ." "ಗ್ಯಾಸ್ ಬಂತು." "ಸರಿ." ಜಗಳವಿಲ್ಲ, ಸಲಿಗೆಯೂ ಇಲ್ಲ. ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇವರ ಮಾತನ್ನು ಅವರಿಗೆ ಜೋಡಿಸಿ ನಿವೃತ್ತರಾದವರು. ಊರಿಗೆಲ್ಲ ಲೈನು ಕೊಟ್ಟವರಿಗೆ ಮನೆಯೊಳಗೇ ಲೈನು ಸಿಕ್ಕಿರಲಿಲ್ಲ. ಹೀಗಿರುವಾಗ ಒಂದು ದಿನ ಸೊಸೆಯ ದಿಂಬಿನ ಪಕ್ಕದಲ್ಲಿದ್ದ ಎರಡನೆಯ ಭಾಗ ಕಾಣೆಯಾಯಿತು. ಹುಡುಕಿದರೆ ಅತ್ತೆಯ ಮಡಿಲಲ್ಲಿ.

"ಅದು ನಂದು, ಅತ್ತೆ."

"ಇನ್ನು ಮೂವತ್ತೇ ಪುಟ ಇದೆ, ಸುಮ್ನಿರು. ಅಲ್ಲ, ಆ ದೊರೆ ಎಂಥ ಗಂಡಸು ಕಣೇ!"

"ಗಂಡಸಾ ಅವನು? ಮಹಾ ಸುಳ್ಳ."

"ಸುಳ್ಳ ಅಂತೆ! ನಿನಗೇನು ಗೊತ್ತು?"

ಅಲ್ಲಿಂದ ಶುರು. ಮೂರನೆಯ ಭಾಗ ಬರುವಷ್ಟರಲ್ಲಿ ಎಣ್ಣೆ ಸೀಗೆಕಾಯಿ. "ಒಳ್ಳೇದಕ್ಕೆ ಹೇಳಿದ್ರೂ ಸುಳ್ಳು ಸುಳ್ಳೇ" ಎಂದು ಸೊಸೆ. "ನಿಜ ಹೇಳಿದ್ರೆ ಆ ಹುಡುಗಿ ಒಪ್ತಿದ್ಲಾ?" ಎಂದು ಅತ್ತೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಿದ್ದ ಗಂಡ ಒಮ್ಮೆ ಧೈರ್ಯ ಮಾಡಿ, "ಎಷ್ಟಂದ್ರೂ ಅದು ಕಥೆ ತಾನೇ?" ಎಂದ. ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. ಅವರಿಬ್ಬರೂ ಒಂದೇ ಪಕ್ಷದಲ್ಲಿದ್ದದ್ದು ಅದೊಂದೇ ಸಲ.

ಅಂಗಡಿಯ ರಟ್ಟು ಹುಟ್ಟಿದ್ದೂ ಇದೇ ಜಗಳದಿಂದ. ಕುಡಿಯುವ ನೀರಿನ ಮಹತ್ವದ ಕುರಿತಿದ್ದ ಹಳೆಯ ರಟ್ಟು ಹರಿದಾಗ, ಕನ್ನಡಕದಮ್ಮ ಮೂರನೆಯ ಭಾಗದಿಂದ ಐದು ಸಾಲು ಆಯ್ದು ಹೊಸದನ್ನು ಅಚ್ಚು ಹಾಕಿಸಿದಳು. ನೀರಿನ ಮಹತ್ವ ಓದಿ ಆಕಳಿಸುತ್ತಿದ್ದವರು ಈಗ ಕೊನೆಯ ಸಾಲಿಗಾಗಿ ಕುರ್ಚಿಯ ತುದಿಗೆ ಬರತೊಡಗಿದರು. ಸಂಜೆ ಆಕೆ ಚಪ್ಪಲಿ ಕಳಚುವ ಮೊದಲೇ ವರದಿ:

"ಇವತ್ತು ಏಳು ಜನ ಅತ್ತೆ. ಐದು ಜನ, ಹಿಡ್ಕೋಬಾರದಿತ್ತು ಅಂದ್ರು."

"ಕಣ್ಣು ಕಾಣದೋರ ಮಾತು ಕಟ್ಕೊಂಡು ನನಗೇನೇ ಆಗ್ಬೇಕು?"

ಅತ್ತೆ ಈ ಮಾತನ್ನು ಎಷ್ಟು ಗತ್ತಿನಿಂದ ಹೇಳುತ್ತಿದ್ದರೆಂದರೆ, ಹೇಳುವವರ ಕಣ್ಣನ್ನು ಯಾರೂ ನೋಡಲೇ ಇಲ್ಲ. ಸೊಸೆಯೂ ನೋಡಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ರಟ್ಟಿನ ಕೊನೆಯ ಸಾಲು ಗಿರಾಕಿಗಳ ಬೆರಳು ತಾಗಿ ಮಾಸಿತು. ಯಜಮಾನರು ಹೊಸದು ಮಾಡಿಸಲು ಹೇಳಿದರು. ಕನ್ನಡಕದಮ್ಮನಿಗೆ ಎಷ್ಟೋ ದಿನದ ಕೈ ತುರಿಕೆ. ಕಥೆ ಬರೆದವರಿಂದ ಆಗದ ನ್ಯಾಯವನ್ನು ತಾನೇ ಮಾಡಿಬಿಟ್ಟಳು. ಹೊಸ ರಟ್ಟಿನ ಕೊನೆಯ ಸಾಲು: 'ಅವಳು ಅವನ ಕೆನ್ನೆಗೆ ಬಾರಿಸಿದಳು.'

ಅದೇ ವಾರ ಅತ್ತೆ ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಅಂಗಡಿಗೆ ಬಂದರು. "ಎರಡು ವರ್ಷ ಆಯ್ತು, ಪವರ್ ನೋಡ್ತೀನಿ ಕೂತ್ಕೊಳ್ಳಿ" ಎಂದಳು ಸೊಸೆ. ಕಣ್ಣಿಗೆ ಬಿಟ್ಟು ನೋಡಲು ಟಾರ್ಚು ತಂದರೆ, "ಸೊಸೆ ಕೈಲಿ ಟಾರ್ಚ್ ಬಿಡಿಸ್ಕೊಳ್ಳೋಕೆ ನಾನೇನು ಕಳ್ಳೀನಾ?" ಎಂದು ಮುಖ ತಿರುಗಿಸಿದರು. ಗೋಡೆಯ ಮೇಲಿನ ದೊಡ್ಡ ಅಕ್ಷರಗಳನ್ನು ಪಟಪಟನೆ ಹೇಳಿದರು; ಆಗೊಮ್ಮೆ ಈಗೊಮ್ಮೆ ಅಂಗಡಿಯಲ್ಲಿ ಸೊಸೆಗಾಗಿ ಕಾದು ಕೂತ ಸಂಜೆಗಳಲ್ಲಿ ಬೇರೆಯವರು ಓದುವುದನ್ನು ಕೇಳಿ ಕೇಳಿ, ಊರಿನ ಫೋನ್ ನಂಬರುಗಳಂತೆ ಅವೂ ಬಾಯಿಪಾಠವಾಗಿದ್ದವು. ಆಮೇಲೆ ರಟ್ಟು ಹಿಡಿದು, ಒಂದು ಸಾಲೂ ತಡವರಿಸದೆ, ಗೆದ್ದವರ ದನಿಯಲ್ಲಿ ಮುಗಿಸಿದರು: "ಅವಳು ಅವನ ಬರಿಗೈಯನ್ನು ಹಿಡಿದುಕೊಂಡಳು!"

ಕನ್ನಡಕದಮ್ಮನ ಕೈಯಲ್ಲಿದ್ದ ಗಾಜು ಅಲ್ಲೇ ನಿಂತಿತು.

"ಇನ್ನೊಂದ್ಸಲ ಓದಿ, ಅತ್ತೆ."

ಓದಿದರು. ಹಾಗೇ.

"ಬರಿಗೈ ಅನ್ನೋ ಪದ ಎಲ್ಲಿದೆ, ಬೆರಳಿಡಿ."

ಅತ್ತೆಯ ಬೆರಳು ರಟ್ಟಿನ ಮೇಲೆ ಒಂದಿಷ್ಟು ಅಲೆದು, ಎರಡನೆಯ ಸಾಲಿನ ಮೇಲೆ ಹೋಗಿ ಕೂತಿತು.

ಹದಿನೆಂಟು ವರ್ಷದ ಜಂಬ ಆ ಬೆರಳಿನ ಕೆಳಗೆ ಸಿಕ್ಕಿ ನಜ್ಜುಗುಜ್ಜಾಯಿತು. ಆಕೆ ಸ್ಟೂಲಿನ ಮೇಲೆ ಕೂತು, ಮೆಲ್ಲಗೆ ಕೇಳಿದಳು: "ಎಷ್ಟು ದಿನದಿಂದ?"

"ನಾಲ್ಕನೇ ಭಾಗದಿಂದ," ಎಂದರು ಅತ್ತೆ.

ಆಗ ಒಂದೊಂದಾಗಿ ಅರ್ಥವಾಯಿತು. ನಾಲ್ಕು ಮತ್ತು ಐದನೆಯ ಭಾಗಗಳನ್ನು ಅತ್ತೆ ಓದಿರಲೇ ಇಲ್ಲ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಆಗಾಗ ಹಾಳೆ ತಿರುವುತ್ತ, ಸೊಸೆ ಬಂದ ಕೂಡಲೇ, "ಹನ್ನೆರಡನೇ ಅಧ್ಯಾಯದಲ್ಲಿ ಅವನು ಮಾಡಿದ್ದು ಸರಿ ಅಂತೀನಿ ನಾನು" ಎಂದು ಒಂದು ಕಡ್ಡಿ ಗೀರಿ ಬಿಡುತ್ತಿದ್ದರು. ಸೊಸೆ ರೇಗಿ, ಅವನು ಅಲ್ಲಿ ಏನು ಮಾಡಿದ, ಯಾಕೆ ಮಾಡಿದ, ಅವಳು ಏನಂದಳು ಎಂದು ಇಡೀ ಅಧ್ಯಾಯವನ್ನೇ ಒದರುತ್ತಿದ್ದಳು. ಎರಡು ಮಾತು ಕೇಳಿ ಇಡೀ ಸಂಸಾರ ಊಹಿಸುತ್ತಿದ್ದ ಎಕ್ಸ್‌ಚೇಂಜಿನ ಕಿವಿಗೆ ಅಷ್ಟು ಧಾರಾಳವಾಯಿತು.

ಕಣ್ಣಿನ ಡಾಕ್ಟರು ನೋಡಿ, ಎರಡರಲ್ಲೂ ಪೊರೆ ಬಂದಿದೆ, ಎಡಗಣ್ಣಿನದು ಚೆನ್ನಾಗಿ ಬಲಿತಿದೆ, ತಡ ಮಾಡಬೇಡಿ, ಸಣ್ಣ ಆಪರೇಷನ್ನು ಎಂದರು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಸೋಮವಾರ, "ಈ ವಯಸ್ಸಲ್ಲಿ ನೋಡೋದೇನಿದೆ?" ಮಂಗಳವಾರ, "ಜೊತೇಲಿ ಕೆಲಸ ಮಾಡ್ತಿದ್ದೋಳು ಮಾಡಿಸ್ಕೊಂಡು ಮೂರು ತಿಂಗಳು ಕಣ್ಣೀರು ಒರೆಸ್ಕೊಂಡ್ಲು." ಮಗ ಗೋಗರೆದರೆ, "ನಿನ್ನ ಕಣ್ಣಿಗೆ ಮಾಡಿಸ್ಕೋ ಹೋಗು." ಗುರುವಾರ ಸೊಸೆಗೂ ತಡೆಯಲಾಗಲಿಲ್ಲ. "ನಿಮಗೆ ಬೇಡವಾಗಿದ್ದಾದರೂ ಏನು, ಬಾಯಿ ಬಿಟ್ಟು ಹೇಳಿ" ಎಂದು ಗದರಿದಳು.

ಅತ್ತೆ ಕಿಟಕಿ ಕಡೆ ಮುಖ ಮಾಡಿದರು. "ಕಣ್ಣು ಬಂದ್ರೆ ನಾನೇ ಓದ್ಕೋತೀನಿ. ಆಮೇಲೆ ನೀನು ಬಂದು ಹೇಳೋದೇನು? ಮತ್ತೆ ಗ್ಯಾಸ್ ಬಂತು, ನೀರು ನಿಂತಿದೆ, ಅಷ್ಟೇ ತಾನೇ?"

ಸೊಸೆ ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು.

ಅಷ್ಟರಲ್ಲಿ ಆರನೆಯ ಭಾಗ ಬಂತು, ಅದೇ ಕೊನೆಯದು. ಕನ್ನಡಕದಮ್ಮ ಅದನ್ನು ಎರಡು ದಿನದಲ್ಲಿ ಓದಿ ಮುಗಿಸಿದಳು. ಮೂರನೆಯ ದಿನ ಸಂಜೆ, ಕಾಫಿ ಲೋಟ ಅತ್ತೆಯ ಕೈಗಿಟ್ಟು, ಏನೂ ಅಲ್ಲವೆಂಬಂತೆ ಹೇಳಿದಳು:

"ನಿಮ್ಮ ದೊರೆ ಮಂಡಿಯೂರಿ ಕ್ಷಮೆ ಕೇಳಿಬಿಟ್ಟ, ಅತ್ತೆ. ಸುಳ್ಳು ಹೇಳಿದ್ದು ನನ್ನದೇ ತಪ್ಪು, ಆ ಹುಡುಗಿ ಹೇಳಿದ್ದೇ ಸರಿ ಅಂದ."

"ಸಾಧ್ಯಾನೇ ಇಲ್ಲ!"

"ನೂರಾ ಹನ್ನೆರಡನೇ ಪುಟ. ಬೇಕಾದ್ರೆ ನೋಡ್ಕೊಳ್ಳಿ."

"ಲೋ, ಬಾರೋ ಇಲ್ಲಿ, ಓದೋ ಇದನ್ನ!" ಎಂದು ಅತ್ತೆ ಮಗನನ್ನು ಕೂಗಿದರು. ಅವನು ಎದ್ದು ಬರುವುದರೊಳಗೆ ಅವರಿಗೇ ಬುದ್ಧಿ ಹೊಳೆಯಿತು. "ಬೇಡ ಹೋಗು. ನೀನು ಹೆಂಡತಿ ಹೇಳಿದ್ದನ್ನೇ ಓದ್ತೀಯ." ಪಕ್ಕದ ಮನೆಯವರು? ಅವರು ಗಿರಾಕಿಗಳು, ಕನ್ನಡಕದಮ್ಮನ ಕಡೆ. ನಾಲ್ಕು ದಿನ ಅತ್ತೆ ಪುಸ್ತಕವನ್ನು ಬೆಳಕಿಗೆ ಹಿಡಿದು, ಮೂಗಿಗೆ ತಾಗಿಸಿ, ಓರೆಯಾಗಿಸಿ ನೋಡಿದರು. ಪುಟದಲ್ಲಿ ಬರೀ ಮಂಜು. ಐದನೆಯ ದಿನ ಬೆಳಿಗ್ಗೆ ಸೀರೆಯುಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತರು. "ನಡಿ, ಆ ಡಾಕ್ಟರ್ ಹತ್ರ. ಆ ಪುಟ ನಾನು ನನ್ನ ಕಣ್ಣಿಂದಲೇ ನೋಡ್ಬೇಕು."

ಎಡಗಣ್ಣು ಮೊದಲಾಯಿತು, ತಿಂಗಳು ಬಿಟ್ಟು ಬಲಗಣ್ಣು. ಎಲ್ಲ ಮಾಗಿದ ಮೇಲೆ ಡಾಕ್ಟರು ಓದುವ ಕನ್ನಡಕ ಹಾಕಿಸಬಹುದು ಎಂದರು. ಅತ್ತೆ ಅಂಗಡಿಯ ಕುರ್ಚಿಯಲ್ಲಿ ಕೂತರು. ಸೊಸೆ ಗಾಜು ಇಳಿಬಿಟ್ಟು, ರಟ್ಟು ಕೊಟ್ಟು ನಿಂತಳು. ಅತ್ತೆಯ ಕಣ್ಣು ಸಾಲಿನಿಂದ ಸಾಲಿಗೆ ಇಳಿಯಿತು, ಕೊನೆಯದಕ್ಕೆ ಬಂತು, ಅಗಲವಾಯಿತು.

"ಕೆನ್ನೆಗೆ ಬಾರಿಸಿದ್ಲಾ? ಯಾವ ಮನೆಹಾಳ ಬರೆದಿದ್ದು ಇದನ್ನ?"

ಹೊರಗೆ ಗಿರಾಕಿಗೆ ಫ್ರೇಮು ತೋರಿಸುತ್ತಿದ್ದ ಯಜಮಾನರು ಪರದೆ ಸರಿಸಿ ಇಣುಕಿದಾಗ, ಕನ್ನಡಕದಮ್ಮ ಕೋಟಿನ ತೋಳಿನಿಂದ ಮುಖ ಒರೆಸಿಕೊಳ್ಳುತ್ತ ನಗುತ್ತಿದ್ದಳು.

ಮನೆಗೆ ಬಂದವರೇ ಅತ್ತೆ ನೂರಾ ಹನ್ನೆರಡನೇ ಪುಟ ತೆರೆದರು. ಆ ಪುಟದಲ್ಲಿ ನಾಲ್ಕು ಜನ ದೋಣಿಗೆ ಅರಗು ಬಳಿಯುತ್ತಿದ್ದರು. ಹಿಂದಿನ ಪುಟದಲ್ಲೂ ಅರಗು, ಮುಂದಿನ ಪುಟದಲ್ಲೂ ಅರಗು.

"ಎಲ್ಲೇ ಮಂಡಿ? ಎಲ್ಲೇ ಕ್ಷಮೆ? ಸುಳ್ಳಿ!"

"ನಿಜ ಹೇಳಿದ್ರೆ ನೀವು ಒಪ್ತಿದ್ರಾ?" ಎಂದಳು ಸೊಸೆ.

ಅತ್ತೆ ಹೊಸ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರ ಮೇಲಿನಿಂದ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದರು. "ಈಗ ಬಂದೆ ನೋಡು, ನಮ್ಮ ದೊರೆ ದಾರಿಗೆ" ಎಂದು ಪುಸ್ತಕವನ್ನು ಆಕೆಯ ಮಡಿಲಿಗೆ ಹಾಕಿದರು. "ಮೊದಲಿಂದ ಶುರು ಮಾಡು. ಜೋರಾಗಿ ಓದು. ಒಂದಕ್ಷರ ತಿರುಚಿದ್ರೂ ಈಗ ನನಗೆ ಗೊತ್ತಾಗತ್ತೆ."

ಎರಡು ವರ್ಷದ ಮೇಲೆ ಈ ಬರಹಗಾರನ ಕೈ ಮತ್ತೆ ಸಾಲದೆ ಬಂತು. ಅಂಗಡಿಯ ರಟ್ಟಿಗೆ ಈಗ ಎರಡೂ ಕಡೆ ಅಚ್ಚಿದೆ. ಅತ್ತೆಯ ಒತ್ತಾಯಕ್ಕೆ ಒಂದು ಕಡೆ ಬರಿಗೈ, ಇನ್ನೊಂದು ಕಡೆ ಕೆನ್ನೆ. ಯಾರಿಗೆ ಯಾವ ಕಡೆ ಎಂಬುದು ಕನ್ನಡಕದಮ್ಮನ ಮರ್ಜಿ. ಅವನಿಗೆ ಸಿಕ್ಕಿದ್ದು ಕೆನ್ನೆ. ಅದನ್ನು ಓದುವ ಮೊದಲು, ಬರಹಗಾರರಿಗೆ ಸಹಜವಾದ ಗಾಂಭೀರ್ಯದಿಂದ ಅವನೊಂದು ಪ್ರಶ್ನೆ ಕೇಳಿದ. ಆರೂ ಭಾಗ ಎರಡನೇ ಸಲ ನಡೆಯುತ್ತಿದೆಯಂತೆ, ದಿನಾ ಸಂಜೆ ಬೀದಿಗೆಲ್ಲ ಕೇಳಿಸುತ್ತದಂತೆ. ಈಗ ಅತ್ತೆಗೇ ಕಣ್ಣು ಚೆನ್ನಾಗಿ ಕಾಣುವಾಗ, ಅವರವರ ಪಾಡಿಗೆ ಅವರವರು ಓದಿಕೊಂಡರೆ ಆಗದೇ?

ಕನ್ನಡಕದಮ್ಮ ಗಾಜನ್ನು ಟಕ್ಕನೆ ಚೌಕಟ್ಟಿಗೆ ಇಳಿಸಿದಳು.

"ಒಬ್ಬರೇ ಕೂತ್ಕೊಂಡು ಜಗಳ ಆಡಕ್ಕಾಗತ್ತಾ ಸಾರ್? ಬಾಯಿ ಮುಚ್ಕೊಂಡು ಕೆಳಗಿನ ಸಾಲು ಓದಿ."