ಹೆಸರಿನ ಅರ್ಥ ಬಲ್ಲವರು

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಿದ್ದ ಆ ಗುಮಾಸ್ತರನ್ನು ಎಲ್ಲರೂ ನಿಘಂಟು ಎಂದೇ ಕರೆಯುತ್ತಿದ್ದರು. ಪಾರ್ಸೆಲ್ಲನ್ನು ತೂಗುವ ಮೊದಲು ಅವರು ಕಳಿಸುವವನ ಹೆಸರನ್ನು ತೂಗುತ್ತಿದ್ದರು. “ಏನಪ್ಪಾ, ನಿನ್ನ ಹೆಸರಿನ ಅರ್ಥ ಗೊತ್ತೇನು?” ಎಂದು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರೆಂದರೆ ಸಾಲಿನಲ್ಲಿದ್ದವರೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಆ ಹೆಸರು ಯಾವ ಭಾಷೆಯಲ್ಲಿ ಹುಟ್ಟಿ, ಎಲ್ಲೆಲ್ಲಿ ಅಲೆದು ಬಂತೆಂದು ಅವರು ಅಗೆದು ತೆಗೆಯುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. “ಸಾರ್, ಅರ್ಥ ಆಮೇಲೆ ಹೇಳಿ, ಮೊದಲು ಸ್ಟ್ಯಾಂಪ್ ಕೊಡಿ” ಎಂದವನಿಗೆ, “ಸಿಂಹದ ಹೆಸರಿಟ್ಕೊಂಡು ಹೀಗೆ ಗೋಗರೀತೀಯಲ್ಲೋ!” ಎಂದು ಗದರಿಯೇ ಕೊಡುತ್ತಿದ್ದರು. ಸ್ವಂತ ಮಗನಿಗಂತೂ ತಿಂಗಳುಗಟ್ಟಲೆ ಹುಡುಕಿ, ಸೋಲನ್ನೇ ಅರಿಯದವನು ಎಂಬರ್ಥದ ಹೆಸರಿಟ್ಟಿದ್ದರು. ಹುಡುಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗಲೆಲ್ಲ ಬೈಯದೆ, ಹೊಡೆಯದೆ, ಎದುರಿಗೆ ಕೂರಿಸಿಕೊಂಡು ಆ ಹೆಸರಿನ ಅರ್ಥವನ್ನು ಮತ್ತೊಮ್ಮೆ ಬಿಡಿಸಿ ಹೇಳುತ್ತಿದ್ದರು. ಅದು ತಮ್ಮ ದೊಡ್ಡತನವೆಂದೇ ತಿಳಿದಿದ್ದರು. ಮಗ ಈಗ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬೀದಿಗೆಲ್ಲ ಅವನು ಗುಂಡಣ್ಣ. ಅಸಲಿ ಹೆಸರು ಕೇಳಿದರೆ ಮಾತು ಹಾರಿಸುತ್ತಾನೆ. ಮೊನ್ನೆ ಮೊಮ್ಮಗನನ್ನು ಮೊದಲ ಸಲ ಎತ್ತಿಕೊಂಡ ನಿಘಂಟು, ತಾವು ಆರಿಸಿಟ್ಟಿದ್ದ ಹೆಸರುಗಳನ್ನು ಹೇಳಲು ಗಂಟಲು ಸರಿಮಾಡಿಕೊಂಡರು. “ಹೆಸರಿಟ್ಟಾಯ್ತಪ್ಪಾ” ಎಂದ ಮಗ. “ಹೌದಾ? ಏನು ಅರ್ಥ?” “ಅರ್ಥ ಇಲ್ದಿರೋದನ್ನೇ ಹುಡುಕಿ ಇಟ್ವಿ. ಇವನಾದ್ರೂ ಸೋತು ಬಂದ ದಿನ ನೆಮ್ಮದಿಯಾಗಿ ಊಟ ಮಾಡ್ಲಿ ಅಂತ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮುದುಕರಿಗೆ ಅವನನ್ನು ಕರೆದು ಹತ್ತಿರ ಕೂರಿಸಿಕೊಳ್ಳಬೇಕೆನಿಸಿತು. ಆದರೆ ಕರೆಯಲು ಯಾವ ಹೆಸರೂ ಬಾಯಿಗೆ ಬರಲಿಲ್ಲ.