ನಮ್ಮ ಮನೆಯವನಲ್ಲ

ನನ್ನ ಚಿಕ್ಕಣ್ಣ ಬದುಕಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಇದಕ್ಕೆಲ್ಲ ಮೂರು ರಾಜ್ಯದ ಪೊಲೀಸರೇ ಕಾರಣ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಕೇಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ಆಗ ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಓದಿ ನನ್ನನ್ನು ಬೈಯಬೇಕಾದವರು ಯಾರೂ ಉಳಿದಿಲ್ಲವಲ್ಲ, ಆ ಧೈರ್ಯ.

ನಮ್ಮ ಹಳ್ಳಿ ಕ್ಯಾಸಂಬಳ್ಳಿಯ ಹತ್ತಿರ. ಹೊಲದ ಬದುವಿನ ಮೇಲೆ ನಿಂತರೆ ಆಂಧ್ರದ ಗುಡ್ಡ ಕಾಣುತ್ತದೆ. ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಮಿಳುನಾಡು. ಹೆಣ್ಣು ತರುವುದು, ಕೊಡುವುದು, ಎತ್ತು ಮಾರುವುದು, ಕೊಳ್ಳುವುದು ಎಲ್ಲವೂ ಅತ್ತಿತ್ತ ನಡೆಯುತ್ತಿತ್ತು. ಗಡಿ ಅಂದರೆ ನಮಗೆ ಬಸ್ಸಿನ ಬೋರ್ಡಿನ ಮೇಲೆ ಅಕ್ಷರ ಬದಲಾಗುವ ಜಾಗ, ಅಷ್ಟೇ.

ಅಮ್ಮ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದಳು. ಇದ್ದ ಅಂಗೈಯಗಲದ ಜಮೀನು ದೊಡ್ಡಣ್ಣನೊಬ್ಬನಿಗೇ ಸಾಲದು ಎಂದು ಅಪ್ಪ ಚಿಕ್ಕಣ್ಣನನ್ನು ಆಂಧ್ರದ ಹಳ್ಳಿಯೊಂದಕ್ಕೆ ಇಲ್ಲಟಂ ಕೊಟ್ಟ. ಗಂಡುಮಕ್ಕಳಿಲ್ಲದ ಮನೆಯವರು ಅಳಿಯನನ್ನೇ ಮಗನಾಗಿ ಇಟ್ಟುಕೊಳ್ಳುವ ಪದ್ಧತಿ ಅದು. ಹೋದವನಿಗೆ ಮಾವನ ಆಸ್ತಿ, ಮಾವನ ಮನೆತನದ ಹೆಸರು. ಹುಟ್ಟಿದ ಮನೆಯಲ್ಲಿ ಅವನಿಗೆ ಪಾಲಿಲ್ಲ. ಎರಡೂ ಊರಿನ ಹಿರಿಯರ ಮುಂದೆ ಅಪ್ಪ ಚಿಕ್ಕಣ್ಣನ ಕೈಯನ್ನು ಬೀಗರ ಕೈಗೆ ಕೊಟ್ಟು, ಇವತ್ತಿನಿಂದ ಇವನು ನಿಮ್ಮ ಮಗ, ನಮ್ಮ ಮನೆಯವನಲ್ಲ ಎಂದು ಹೇಳಿದ. ಆಡಿದ ಮಾತನ್ನು ಅಪ್ಪ ಜೀವ ಹೋದರೂ ತಪ್ಪುವವನಲ್ಲ. ಆ ಗುಣಕ್ಕೆ ಊರೆಲ್ಲ ಅವನನ್ನು ಹೊಗಳುತ್ತಿತ್ತು, ಅದೇ ನಮ್ಮ ಗ್ರಹಚಾರ.

ನಾನಾಗ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ ಟೈಪಿಂಗ್ ಹೇಳಿಕೊಡುವ ಕಡೆ ಕೆಲಸಕ್ಕೆ ಹೋಗುತ್ತಿದ್ದೆ. ಎಂಬತ್ತರ ದಶಕದ ಆರಂಭ. ಕೋರಮಂಡಲ್ ಕಡೆಯ ಗಣಿ ಕಾರ್ಮಿಕರ ಮಕ್ಕಳೇ ಹೆಚ್ಚು ಕಲಿಯಲು ಬರುತ್ತಿದ್ದರು. ಒಂದೇ ವಾಕ್ಯವನ್ನು ತಮಿಳಿನಲ್ಲಿ ಶುರು ಮಾಡಿ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಮುಗಿಸುವುದು ಅಲ್ಲಿ ನನಗೆ ರೂಢಿಯಾಗಿತ್ತು. ನನ್ನಂಥ ಜಾಣೆ ಹಳ್ಳಿಯಲ್ಲಿ ಇನ್ನೊಬ್ಬಳಿಲ್ಲ ಎಂದುಕೊಂಡಿದ್ದೆ.

ಒಂದು ದಿನ ಕೆಲಸಕ್ಕೆ ಹೊರಡುವ ಹೊತ್ತಿಗೆ ನಮ್ಮ ಕಡೆಯ ಠಾಣೆಯ ಪೇದೆಯೊಬ್ಬ ಸೈಕಲ್ಲಿನಲ್ಲಿ ಬಂದ. ತಮಿಳುನಾಡಿನ ಒಂದು ಠಾಣೆಯಿಂದ ವಿಚಾರಣೆ ಬಂದಿದೆ ಎಂದ. ಚಿಕ್ಕಣ್ಣನ ಹೆಸರು, ಅಪ್ಪನ ಹೆಸರು, ನಮ್ಮ ಊರು ಎಲ್ಲ ಸರಿಯಾಗಿತ್ತು. ಇಂಥವನು ನಿಮ್ಮ ಮನೆಯವನೋ ಅಲ್ಲವೋ, ಅಷ್ಟು ಬೇಕು ಎಂದ. ಯಾಕೆ ಎಂದು ಅಪ್ಪ ಕೇಳಿದ. ಅದೆಲ್ಲ ತನಗೆ ಗೊತ್ತಿಲ್ಲ, ಆ ಕಡೆಯವರು ಕೇಳಿದ್ದಾರೆ, ನಾವು ಉತ್ತರ ಕೊಡಬೇಕು ಎಂದ.

ಅಪ್ಪ ತಿರುಗಿ ನೋಡಿದ. ದೊಡ್ಡಣ್ಣ ಬಾಗಿಲಲ್ಲಿ ನಿಂತಿದ್ದ. ಸರ್ಕಾರದ ಕಾಗದದಲ್ಲಿ ನಮ್ಮವನು ಎಂದು ಬರೆದುಕೊಟ್ಟರೆ ಕೊಟ್ಟ ಮಾತಿಗೆ ತಪ್ಪಿದಂತೆ, ನಾಳೆ ಪಾಲಿನ ಮಾತು ಏಳುತ್ತದೆ, ಬೀಗರಿಗೆ ಅವಮಾನ. ಇದೆಲ್ಲ ಅಪ್ಪನ ತಲೆಯಲ್ಲಿ ಓಡಿರಬೇಕು.

"ಅವ್ನು ನಮ್ ಮನೆಯವ್ನಲ್ಲ," ಎಂದ ಅಪ್ಪ. "ಇಲ್ಲಟಂ ಕೊಟ್ಬುಟ್ಟಿದೀವಿ."

ಪೇದೆ ನನ್ನ ಕಡೆ ಕಾಗದ ಚಾಚಿ, ಓದಿದವಳಲ್ಲವಾ, ನೀನೇ ಬರೆಯಮ್ಮ ಎಂದ. ಮೊದಲ ಮಾತನ್ನು ಬರೆದೆ. ಇಲ್ಲಟಂ ವಿಷಯ ಬರೆಯಲು ಹೊರಟರೆ, ಆ ಪುರಾಣ ಯಾಕೆ, ಕೇಳಿದ್ದಕ್ಕೆ ಉತ್ತರ ಬಂತಲ್ಲ, ಸಾಕು ಎಂದ. ನನಗೂ ಬಸ್ಸಿಗೆ ಹೊತ್ತಾಗಿತ್ತು. ಸದರಿ ವ್ಯಕ್ತಿ ನಮ್ಮ ಮನೆಯವನಲ್ಲ ಎಂಬಲ್ಲಿಗೆ ಚುಕ್ಕಿ ಇಟ್ಟೆ. ಅಪ್ಪ ಕೆಳಗೆ ಹೆಬ್ಬೆಟ್ಟು ಒತ್ತಿದ. ಅವತ್ತು ಆ ಬಸ್ಸು ಸಿಕ್ಕಿತು. ತಪ್ಪಿದ್ದರೆ ಏನಾಗುತ್ತಿತ್ತೋ, ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

ಎರಡು ವಾರದ ಮೇಲೆ ಚಿಕ್ಕಣ್ಣನ ಹೆಂಡತಿ, ನನ್ನ ಅತ್ತಿಗೆ, ಬಂದಳು. ಗುಡ್ಡ ಬಳಸಿ ನಡೆದೇ ಬಂದಿದ್ದಳು, ಪಾದವೆಲ್ಲ ಧೂಳು. ಎತ್ತು ತರುತ್ತೇನೆಂದು ತಮಿಳುನಾಡಿನ ಸಂತೆಗೆ ಹೋದ ಗಂಡ ಹಿಂದಿರುಗಿರಲಿಲ್ಲ. ಇಲ್ಲಿಗೇನಾದರೂ ಬಂದನೇ ಎಂದು ಕೇಳಿದಳು. ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು.

ಆಮೇಲೆ ತಿಳಿದದ್ದು ಇಷ್ಟು. ಸಂತೆಯಲ್ಲಿ ನಮ್ಮವರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಗೊತ್ತು ಮಾಡುತ್ತಾರೆ, ಮಾರಾಟದ ಚೀಟಿ ಗೀಟಿ ಕೇಳುವುದಿಲ್ಲ. ಚಿಕ್ಕಣ್ಣನೂ ಹಾಗೇ ಒಂದು ಜೋಡಿ ಎತ್ತು ಕೊಂಡ. ಅವು ಕದ್ದ ಎತ್ತುಗಳು. ದಾರಿಯಲ್ಲಿ ಪೊಲೀಸರು ಹಿಡಿದರು. ಯಾರ ಮಗ ಎಂದು ಕೇಳಿದಾಗ, ಏಟಿಗೋ ಭಯಕ್ಕೋ, ಮಾವನ ಮನೆತನ ಮರೆತು ಹೆತ್ತಪ್ಪನ ಹೆಸರು ಹೇಳಿದ. ವಿಳಾಸ ನಿಜವಾದರೆ ಜಾಮೀನಿನ ಮೇಲೆ ಬಿಡುತ್ತಿದ್ದರಂತೆ. ಸುಳ್ಳು ವಿಳಾಸ ಕೊಟ್ಟ ಊರೂರು ತಿರುಗುವ ಕಳ್ಳ ಎಂದು ಜೈಲಿಗೆ ಹಾಕಿದರು. ವಿಳಾಸ ಸುಳ್ಳು ಎನ್ನುವುದಕ್ಕೆ ನಾನು ಬರೆದ ಕಾಗದವೇ ಸಾಕ್ಷಿ.

ಆ ಕಾಗದ ನಮ್ಮ ಠಾಣೆಯಿಂದ ತಮಿಳುನಾಡಿಗೆ ನಾಲ್ಕೇ ದಿನದಲ್ಲಿ ತಲುಪಿತ್ತು. ಎರಡು ರಾಜ್ಯದ ಪೊಲೀಸರು ಅಷ್ಟು ಹೊಂದಿಕೊಂಡು ಕೆಲಸ ಮಾಡಿದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ಅದನ್ನು ತಿದ್ದಲು ಹೋದಾಗ ನಮ್ಮ ಠಾಣೆಯಲ್ಲಿ ಅವನು ಆಂಧ್ರದ ಮತದಾರ, ಅಲ್ಲಿ ಕೇಳಿ ಎಂದರು. ಆಂಧ್ರದಲ್ಲಿ, ಜೈಲಿನಲ್ಲಿರುವವನು ಕರ್ನಾಟಕದ ಅಪ್ಪನ ಮಗ, ನಮ್ಮ ದಾಖಲೆಯಲ್ಲಿರುವವನು ಬೇರೆ ಅಪ್ಪನ ಮಗ, ಇಬ್ಬರೂ ಒಬ್ಬನೇ ಎನ್ನಲು ನಾವು ಯಾರು ಎಂದರು. ತಮಿಳುನಾಡಿನವರು, ಅವನು ನಿಮ್ಮವನಲ್ಲ ಎಂದು ನಿಮ್ಮ ಪೊಲೀಸರೇ ಹೇಳಿದ್ದಾರೆ, ಅವರೇ ಹೌದು ಎಂದು ಬರೆಯಲಿ ಎಂದರು. ಯಾರ ಮಾತೂ ತಪ್ಪಲ್ಲ. ಅದೇ ನನಗೆ ಹುಚ್ಚು ಹಿಡಿಸುತ್ತಿತ್ತು. ಟೈಪಿಂಗ್ ಮೆಷಿನ್ನಿನ ಮುಂದೆ ಕೂತು ಅರ್ಜಿಯ ಮೇಲೆ ಅರ್ಜಿ ಕುಟ್ಟಿದೆ. ಜೈಲಿಗೆ ನೋಡಲು ಹೋದಾಗ ಸಂಬಂಧಿಕರು ಎನ್ನಲು ಪುರಾವೆ ಕೇಳಿದರು. ಅಪ್ಪನೇ ಮಗನಲ್ಲ ಎಂದು ಬರೆದುಕೊಟ್ಟ ಮೇಲೆ ತಂಗಿ ಎಲ್ಲಿಂದ ಬಂದಳು ಎಂದು ಒಬ್ಬ ನಕ್ಕ. ಅಣ್ಣನ ಮುಖವನ್ನೂ ನೋಡಲು ಬಿಡಲಿಲ್ಲ.

ಹೀಗೆ ವರ್ಷ ಕಳೆಯಿತು. ಕೊನೆಗೊಮ್ಮೆ ಆ ಕಡೆಯಿಂದ ಈ ಕಡೆಗೆ ಪತ್ರ ಓಡಾಡಿ, ಚಿಕ್ಕಣ್ಣ ನಮ್ಮ ಅಪ್ಪನ ಮಗನೇ ಎಂದು ಠಾಣೆಯವರು ಬರೆದುಕೊಟ್ಟರು. ಅಪ್ಪ, ಅತ್ತಿಗೆ, ನಾನು ಅದನ್ನು ಹಿಡಿದುಕೊಂಡು ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು. ಅತ್ತಿಗೆ ಗಂಡನಿಗೆಂದು ಹೊಸ ಪಂಚೆ ಇಟ್ಟುಕೊಂಡಿದ್ದಳು.

ಜೈಲಿನ ಬಾಗಿಲಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತೇವೆ ಎಂದರು. ನಾನು ಹೋದೆ. ಹೊಸೂರು ಕಡೆಯ ಒಬ್ಬ ವಾರ್ಡರಿಗೆ ಕನ್ನಡ ಬರುತ್ತಿತ್ತು. ನಿಜವಾದ ಕಳ್ಳ ಸಿಕ್ಕಿ, ಚಿಕ್ಕಣ್ಣನನ್ನು ಬಿಟ್ಟು ಇಪ್ಪತ್ತು ದಿನವಾಯಿತು ಎಂದ. ಎಲ್ಲಿಗೆ ಹೋದ ಎಂದು ಕೇಳಿದೆ. ವಾರ್ಡರು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನೀನು ತಂಗಿಯಾ? ಮೊದಮೊದಲು ದಿನಾ ಕೇಳ್ತಿದ್ದ, ಅಪ್ಪ ಬಂದವ್ರಾ ಅಂತ. ನಿಮ್ಮಪ್ಪನೇ ಮಗ ಅಲ್ಲ ಅಂತ ಬರ್ಕೊಟ್ಟವ್ರಪ್ಪಾ ಅಂದೆ. ನಂಬ್ನಿಲ್ಲ. ಕೋರ್ಟಿಗೆ ಕರ್ಕೊಂಡು ಹೋದಾಗ ಫೈಲಲ್ಲಿ ತೋರಿಸ್ದೆ. ನನ್ ತಂಗಿ ಬರ್ದಿರೋದು ಅಂದ. ಆಮೇಲೆ ಕೇಳೋದು ಬಿಟ್ಬುಟ್ಟ."

ಹೋಗುವಾಗ ಏನಾದರೂ ಹೇಳಿದನೇ ಎಂದು ನಾನು ಕೇಳಲಿಲ್ಲ. ಹೊರಗೆ ಬಂದು, ಬಿಟ್ಟುಬಿಟ್ಟಿದ್ದಾರೆ, ಎಲ್ಲಿಗೆ ಹೋದನೋ ಗೊತ್ತಿಲ್ಲವಂತೆ ಎಂದಷ್ಟೇ ಹೇಳಿದೆ. ಅಪ್ಪ ಬಿಸಿಲಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವನನ್ನು ಎಬ್ಬಿಸಿ ಸ್ಟೇಷನ್ನಿಗೆ ಕರೆತರುವಷ್ಟರಲ್ಲಿ ಎರಡು ರೈಲು ಹೋಗಿದ್ದವು.

ರೈಲಿನಲ್ಲಿ ಅಪ್ಪ ಕಿಟಕಿಯ ಕಡೆಗೇ ನೋಡುತ್ತ ಕೇಳಿದ.

"ನಾನು ಅಂದಿದ್ದು ಅವ್ನಿಗೆ ಗೊತ್ತಾಯ್ತೇನಮ್ಮ?"

ಇಲ್ಲಪ್ಪ, ಅವನಿಗೆ ಯಾರೂ ಹೇಳಿಲ್ಲವಂತೆ ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಎದುರಿಗೆ ಕೂತಿದ್ದ ಅತ್ತಿಗೆ ಪಂಚೆಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಗೊತ್ತಾಗ್ದೆ ಇದ್ದಿದ್ರೆ ಮನೆಗೆ ಬತ್ತಿದ್ರಲ್ಲ, ಮಾವ," ಎಂದಳು.